ಕೊನೆಯ ಸ್ಟಾಪಿನ ಮನೆ

ಭಾನುವಾರ, ಅಕ್ಟೋಬರ್ ೧೨
ಮಧ್ಯಾಹ್ನ

ಪ್ರೀತಿಯ ಅತ್ತೆಗೆ,

ನಿಮ್ಮ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದರೆ "ಸೊಂಟ ಹಿಡ್ಕೊಂಡೀತು, ಏಳೇ" ಎಂದು ಅರ್ಧದಲ್ಲೇ ಎಬ್ಬಿಸುವವರು ನೀವು. ಈ ಸಲವೂ ಅರ್ಧ ಬಗ್ಗಿದ್ದೇನೆ ಎಂದುಕೊಳ್ಳಿ.

ಮೊದಲು ಸುದ್ದಿ, ಆಮೇಲೆ ಕಥೆ. ನಾವು ಮನೆ ತೆಗೆದುಕೊಂಡೆವು. ನಾವು ಎಂದರೆ ನಾನು ಮತ್ತು ನಿಮ್ಮ ಮಗಳು. ಸುದ್ದಿ ನಿಮಗೆ ಮೊನ್ನೆಯೇ ತಲುಪಿದೆ, ನನಗೆ ಗೊತ್ತು. ಆದರೆ ಹೇಗೆ ತಲುಪಿದೆ ನೋಡಿ: "ಅಮ್ಮಾ, ಮನೆ ಆಯ್ತು, ಸಾಲ ಸಿಕ್ತು, ಕುರ್ಚಿ ಬಿಚ್ಚಿಸಿದ್ವಿ, ಬಸ್ ಹೊರಡ್ಬೇಕು, ಇಡ್ತೀನಿ." ಆಮೇಲೆ ನಿಮ್ಮ ಅಕ್ಕ, ನಮ್ಮ ದೊಡ್ಡತ್ತೆ, ನನಗೆ ಫೋನ್ ಮಾಡಿ, "ಯಾವ ಕುರ್ಚಿ? ಯಾಕೆ ಬಿಚ್ಚಿಸಿದ್ರಿ? ಇವಳು ಬೆಳಗ್ಗೆಯಿಂದ ಅದನ್ನೇ ಕೇಳಿ ನನ್ನ ತಲೆ ತಿಂತಿದ್ದಾಳೆ" ಎಂದರು. ನೀವು ಸುಮ್ಮನೆ ಚಿನಕುರಳಿ ಎಂದು ಹೆಸರಿಟ್ಟಿರಾ ಮಗಳಿಗೆ? ಹೊತ್ತಿಕೊಂಡರೆ ಮುಗಿಯುವವರೆಗೂ ನಿಲ್ಲುವುದಿಲ್ಲ, ಮುಗಿದ ಮೇಲೆ ಹೊಗೆ ಬಿಟ್ಟು ಏನೂ ಉಳಿಯುವುದಿಲ್ಲ. ಅದಕ್ಕೇ ನಾನು ಕೂತು ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಪಡಬೇಡಿ. ನೀವು ಓದಿ ಹೇಳುವಾಗ ದೊಡ್ಡತ್ತೆ ಸಾಲಿಗೊಂದು ಪ್ರಶ್ನೆ ಕೇಳುತ್ತಾರಲ್ಲ, ಅವರಿಗಾಗಿ.

ಕೆಳಗೆ ಒಂದು ಕೋಣೆ, ಅದರ ಹಿಂದೆ ಅಡುಗೆಮನೆ. ಮೇಲೆ ಎರಡು ಕೋಣೆ. ಹಿತ್ತಿಲಲ್ಲಿ ಒಂದು ಹಗ್ಗ ಕಟ್ಟಿ ಬಟ್ಟೆ ಹರವುವಷ್ಟು ಜಾಗ. ಮನೆ ಪೂರ್ತಿ ನಮ್ಮದಲ್ಲ, ಬ್ಯಾಂಕಿನದು. ಚಿನಕುರಳಿಯ ಲೆಕ್ಕದಲ್ಲಿ ಸದ್ಯಕ್ಕೆ ಮುಂಬಾಗಿಲು, ಹೊಸ್ತಿಲು ಮತ್ತು ಅರ್ಧ ಬಚ್ಚಲು ಮಾತ್ರ ನಮ್ಮವು. ಕಂತು ಕಟ್ಟುತ್ತಾ ಹೋದ ಹಾಗೆ ಒಂದೊಂದೇ ಹೆಂಚು ನಮ್ಮ ಕಡೆ ಸೇರುತ್ತದಂತೆ. ಬೆಳಗ್ಗೆ ಹಲ್ಲುಜ್ಜಲು ಹೋಗುವಾಗ ಬ್ಯಾಂಕಿನ ಅರ್ಧ ಬಚ್ಚಲಿಗೆ ಕೈಮುಗಿದು ಒಳಗೆ ಕಾಲಿಡುತ್ತಾಳೆ.

ಮನೆಯನ್ನು ಕಂಡದ್ದು ಅವಳೇ. ಅವಳು ಓಡಿಸುವ ಬಸ್ಸಿನ ಕೊನೆಯ ಸ್ಟಾಪು ಒಂದು ಇಳಿಜಾರು ರಸ್ತೆಯ ತುದಿಯಲ್ಲಿದೆ. ಅಲ್ಲಿ ಬಸ್ಸು ತಿರುಗಿಸಿ ನಿಲ್ಲಿಸಿ, ಸ್ವಲ್ಪ ಹೊತ್ತು ಕಾದು, ಮತ್ತೆ ಹೊರಡಬೇಕು. ಸ್ಟಾಪಿನ ಎದುರಿಗೇ ಒಂದು ಕಟಿಂಗ್ ಶಾಪು. ಹೆಸರಿಗೆ ಶಾಪು, ನಿಜಕ್ಕೆ ಒಂದು ಮನೆಯ ಮುಂಗೋಣೆ. ಅಲ್ಲಿನ ಅಜ್ಜ ಗಿರಾಕಿ ಇಲ್ಲದ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು ಬಸ್ಸು ನೋಡುತ್ತಾನೆ, ಚಳಿಯಿದ್ದರೆ ಡ್ರೈವರಮ್ಮನಿಗೆ ಒಂದು ಲೋಟ ಚಹಾ ತಂದುಕೊಡುತ್ತಾನೆ. ನಾವು ಅವನನ್ನು ಕಟಿಂಗ್ ಅಜ್ಜ ಎಂದೇ ಕರೆಯುವುದು. ಒಂದು ದಿನ ಆ ಕಿಟಕಿಗೆ "ಮಾರಾಟಕ್ಕಿದೆ" ಎಂಬ ಬೋರ್ಡು ಬಿತ್ತು. ಅಂದಿನಿಂದ ನಿಮ್ಮ ಮಗಳ ಬಾಯಲ್ಲಿ ಬೇರೆ ಮಾತಿಲ್ಲ. ಆ ಕಿಟಕಿಗೆ ಸಂಜೆ ಬಿಸಿಲು ಬೀಳುತ್ತದಂತೆ, ಮೆಟ್ಟಿಲು ಎತ್ತರವಿಲ್ಲವಂತೆ, ಅಮ್ಮ ಬಂದರೆ ಮಂಡಿ ನೋವಾಗುವುದಿಲ್ಲವಂತೆ, ನಾಲ್ಕು ಹೆಜ್ಜೆ ಇಟ್ಟರೆ ಬಸ್ಸಂತೆ. "ಆ ಬಸ್ಸು ನೀನೇ ಓಡಿಸ್ತೀಯಲ್ಲೇ" ಎಂದರೆ, "ಅದಕ್ಕೇ ಹೇಳೋದು, ಅಮ್ಮ ಪೇಟೆಗೆ ಹೋಗಬೇಕು ಅಂದ್ರೆ ನಾನೇ ಬಾಗಿಲಿಗೆ ಗಾಡಿ ತರ್ತೀನಿ" ಎನ್ನುತ್ತಿದ್ದಳು.

ನಾವು ಇದ್ದ ಬಾಡಿಗೆ ಮನೆ ನಿಮಗೆ ನೆನಪಿದೆ. ಲಾಂಡ್ರಿಯ ಮೇಲೆ. ಹಗಲೆಲ್ಲ ನೆಲ ನಡುಗುತ್ತದೆ, ಗೋಡೆಯಲ್ಲೆಲ್ಲ ಸೋಪಿನ ವಾಸನೆ. ನೀವು ಬಂದಿದ್ದಾಗ, "ನಿಮ್ಮನೆಯಲ್ಲಿ ಚಾಪೆ ಮೇಲೆ ಮಲಗಿದ್ರೂ ರೈಲಿನಲ್ಲಿ ಮಲಗಿದ ಹಾಗಿದೆ, ಯಾವ ಊರು ಬಂತು?" ಎಂದು ಕೇಳುತ್ತಿದ್ದಿರಿ. ಅಲ್ಲೇ ನಾವಿಬ್ಬರೂ ಆರು ವರ್ಷ ಕಳೆದೆವು. ನಿಮ್ಮ ಮಗ ನನ್ನನ್ನು ಬಿಟ್ಟು ಹೋದ ದಿನ ಚಿನಕುರಳಿ ಮೇಲಿನ ಕಿಟಕಿಯಿಂದ ಅವರ ಶೂ ಎಸೆದದ್ದೂ, ಒಂದು ಹೋಗಿ ಲಾಂಡ್ರಿಯ ಬೋರ್ಡಿಗೆ ಸಿಕ್ಕಿಕೊಂಡದ್ದೂ ದೊಡ್ಡತ್ತೆಗೂ ಗೊತ್ತು. ಅಣ್ಣನ ಜೊತೆ ಹೋಗುವ ಬದಲು ಅವಳು ಅತ್ತಿಗೆಯ ಜೊತೆ ಉಳಿದಳು. ಅಂದೇ ಅವರ ಹತ್ತಿರ ಮಾತು ಬಿಟ್ಟಳು. ಅದೇ ವಾರ ನೀವೂ ಬಿಟ್ಟಿರಿ. ಕೋರ್ಟು ನನ್ನನ್ನು ಅವರಿಂದ ಬಿಡಿಸಿತು. ನಿಮ್ಮಿಬ್ಬರಿಂದ ಬಿಡಿಸುವ ಅಧಿಕಾರ ಅದಕ್ಕಿದ್ದ ಹಾಗೆ ಕಾಣಲಿಲ್ಲ.

ಸಾಲಕ್ಕೆ ಇಬ್ಬರೂ ಸೇರಿ ಅರ್ಜಿ ಹಾಕೋಣ ಎಂದು ಅವಳು ಹೇಳಿದಾಗ ನಾನು ಹೂಂ ಅನ್ನಲಿಲ್ಲ. ಒಮ್ಮೆ ಒಬ್ಬರ ಜೊತೆ ಹೆಸರು ಸೇರಿಸಿ ಕೈಸುಟ್ಟುಕೊಂಡವಳು ನಾನು. ಪಾತ್ರೆ ತೊಳೆಯುತ್ತಾ, ಅವಳ ಮುಖ ನೋಡದೆ, "ನಾಳೆ ನೀನು ಮದುವೆ ಆಗಿ ಹೋದ್ರೆ ನನ್ನ ಗತಿ ಏನು?" ಎಂದೆ. ಅವಳು ಒರೆಸುತ್ತಿದ್ದ ತಟ್ಟೆ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು. "ನಾಳೆ ನೀನೇ ಮದುವೆ ಆಗಿ ಹೋದ್ರೆ ನನ್ನ ಗತಿ ಏನು? ನಿನ್ನ ಲ್ಯಾಬಿನ ಆ ಬೊಕ್ಕತಲೆಯವನು ದಿನಾ ನಿನಗೆ ಬಿಸ್ಕತ್ತು ಕೊಡ್ತಾನಂತಲ್ಲ?" ನನಗೆ ನಗು ತಡೆಯಲಾಗಲಿಲ್ಲ. ಬೊಕ್ಕತಲೆಯವನು ಎಲ್ಲರಿಗೂ ಬಿಸ್ಕತ್ತು ಕೊಡುತ್ತಾನೆ, ಅತ್ತೆ, ನೀವೇನೂ ಯೋಚನೆ ಮಾಡಬೇಡಿ. ನಗು ನಿಂತ ಮೇಲೆ ನೋಡಿದರೆ ಹೆದರಿಕೆಯೂ ನಿಂತಿತ್ತು. ಮರುದಿನ ಬ್ಯಾಂಕಿಗೆ ಹೊರಟೆವು.

ಮೊದಲು ಹೋದದ್ದು ನನ್ನ ಸಂಬಳ ಬರುವ ಬ್ಯಾಂಕಿಗೆ. ಗಾಜಿನ ಕೋಣೆ, ಮೇಜಿನ ಮೇಲೆ ಪ್ಲಾಸ್ಟಿಕ್ ಗಿಡ, ಅದರ ಹಿಂದೆ ಟೈ ಕಟ್ಟಿದ ಅಧಿಕಾರಿ. ನೀವಿಬ್ಬರೂ ಏನಾಗಬೇಕು ಎಂದು ಕೇಳಿದ. ಈ ಊರಿನ ಭಾಷೆಯಲ್ಲಿ ಅತ್ತಿಗೆ, ನಾದಿನಿ, ಓರಗಿತ್ತಿ ಎಲ್ಲರಿಗೂ ಒಂದೇ ಪದ. ಅದನ್ನೇ ಹೇಳಿದೆ. ಸರಿಯಾಗಿ ಬಿಡಿಸಿ ಹೇಳಿ ಎಂದ. ಇವಳು ನನ್ನ ಗಂಡನ ತಂಗಿ ಎಂದೆ. ಹಾಗಾದರೆ ಗಂಡ ಎಲ್ಲಿ ಎಂದ. "ಅವರು ಈಗ ಇಲ್ಲ" ಎಂದೆ. ನಮ್ಮ ಜೊತೆ ಇಲ್ಲ ಅಂತ ನನ್ನ ಅರ್ಥ. ಆ ಮನುಷ್ಯ ಕೀಲಿಮಣೆಯಿಂದ ಕೈ ತೆಗೆದು, ದನಿ ತಗ್ಗಿಸಿ, ನಿಮ್ಮ ದುಃಖದಲ್ಲಿ ನಾನೂ ಭಾಗಿ ಎಂದುಬಿಟ್ಟ. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಕೆಳಗೆ ಚಿನಕುರಳಿ ನನ್ನ ಕಾಲು ತುಳಿದಳು. ಅವನು ಎದ್ದು ಹೋಗಿ ಇಬ್ಬರಿಗೂ ನೀರು ತಂದ. ಅತ್ತೆ, ಕ್ಷಮಿಸಿ. ಆ ಗಾಜಿನ ಕೋಣೆಯಲ್ಲಿ ನಿಮ್ಮ ಮಗ ಸ್ವಲ್ಪ ಹೊತ್ತು ತೀರಿಕೊಂಡಿದ್ದರು. ನಾವಿಬ್ಬರೂ ತಲೆತಗ್ಗಿಸಿ ನೀರು ಕುಡಿದೆವು. ಆಮೇಲೆ ಅವನು ಬಹಳ ಮೃದುವಾಗಿ, ಅರ್ಜಿಯ ಜೊತೆ ಮರಣ ಪ್ರಮಾಣಪತ್ರ ಲಗತ್ತಿಸಿ ಎಂದ. ವಿಧಿಯಿಲ್ಲದೆ ನಿಮ್ಮ ಮಗನನ್ನು ಅಲ್ಲೇ ಬದುಕಿಸಬೇಕಾಯಿತು.

ಬದುಕಿಸಿದ ಮೇಲೆ ಕೆಲಸ ಕೆಟ್ಟಿತು. ವಿಚ್ಛೇದನ ಆಗಿದ್ದರೆ ನೀವು ಇವಳ ಅತ್ತಿಗೆಯಲ್ಲ, ಇವಳು ನಿಮ್ಮ ನಾದಿನಿಯಲ್ಲ, ಸಂಬಂಧವಿಲ್ಲದವರಿಗೆ ನಮ್ಮಲ್ಲಿ ಜಂಟಿ ಸಾಲವಿಲ್ಲ ಎಂದ. ಬೀದಿಗೆ ಬಂದ ಮೇಲೆ ಚಿನಕುರಳಿ ಹೊತ್ತಿಕೊಂಡಳು. "ಸತ್ತಿದ್ರೆ ಸಂಬಂಧಿಕರು, ಬದುಕಿದ್ರೆ ಯಾರೂ ಅಲ್ಲ! ಇದ್ಯಾವ ನ್ಯಾಯ ಅತ್ತಿಗೆ?" ದಾರಿಹೋಕರು ತಿರುಗಿ ನೋಡುತ್ತಿದ್ದರು. ನನಗೋ ಮನಸ್ಸು ಚಿಕ್ಕದಾಗಿತ್ತು. ಯಾರೋ ಟೈ ಕಟ್ಟಿದವನು ಹೇಳಿದ ಮಾತ್ರಕ್ಕೆ ಇವಳು ನನಗೆ ಏನೂ ಅಲ್ಲವೇ ಎಂದು ಮನೆಯವರೆಗೂ ಅದೇ ಕೊರೆಯಿತು.

ಆಮೇಲೆ ಲ್ಯಾಬಿನಲ್ಲಿ ಯಾರೋ ಒಬ್ಬ ದಲ್ಲಾಳಿಯ ನಂಬರು ಕೊಟ್ಟರು. ಯಾವ ಬ್ಯಾಂಕು ಯಾರಿಗೆ ಸಾಲ ಕೊಡುತ್ತದೆ ಎಂದು ತಿಳಿಸಿ ದಾರಿ ಮಾಡಿಕೊಡುವುದೇ ಆಕೆಯ ಕಸುಬು. ತಲೆಯ ಮೇಲೊಂದು ಕನ್ನಡಕ, ಮೂಗಿನ ಮೇಲೊಂದು. ಮೂರನೆಯದನ್ನು ಮೇಜಿನ ಮೇಲೆ ಹುಡುಕುತ್ತಿರುತ್ತಾಳೆ. ನಮ್ಮ ಕಥೆ ಕೇಳಿ, ಬಿದ್ದು ಬಿದ್ದು ನಕ್ಕು, ಸಂಬಂಧ ಕೇಳದ ಬ್ಯಾಂಕು ಒಂದಿದೆ, ಅಲ್ಲಿ ಸಂಬಳ ಮತ್ತು ವಯಸ್ಸು ಮಾತ್ರ ಕೇಳುತ್ತಾರೆ ಎಂದಳು. ವಯಸ್ಸು ಎಂದಾಗ ನಾನು ಮುದುಡಿದೆ. ನನಗೆ ನಲವತ್ತೇಳು, ಒಬ್ಬಳೇ ಆಗಿದ್ದರೆ ಅಷ್ಟು ಉದ್ದದ ಸಾಲ ಸಿಗುತ್ತಿರಲಿಲ್ಲ. ನಾದಿನಿ ಚಿಕ್ಕವಳಾದ್ದರಿಂದ ಬಚಾವಾದೆ. ನನ್ನ ಕೆಲಸ ಏನೆಂದು ಕೇಳಿದಳು. ಹಲ್ಲಿನ ಸೆಟ್ಟು ಮಾಡುತ್ತೇನೆ, ಡಾಕ್ಟರು ಅಚ್ಚು ತೆಗೆದು ಕಳಿಸುತ್ತಾರೆ, ನಾವು ಮೇಣದಲ್ಲಿ ಕೂರಿಸಿ, ಬಣ್ಣ ಹೊಂದಿಸಿ ಮಾಡಿಕೊಡುತ್ತೇವೆ ಎಂದೆ. "ಜನಕ್ಕೆ ಹಲ್ಲು ಬೀಳೋದು ನಿಲ್ಲಲ್ಲ, ಊರಿಗೆ ಬಸ್ ಬೇಡ ಅಂತ ಆಗಲ್ಲ. ನಿಮ್ಮಿಬ್ಬರಷ್ಟು ಗಟ್ಟಿ ಗಿರಾಕಿ ಬ್ಯಾಂಕಿಗೆ ಇನ್ನೆಲ್ಲಿ ಸಿಗ್ತಾರೆ?" ಎಂದಳು. ನಿಮ್ಮ ಮಗಳು ಅಲ್ಲೇ ಅವಳ ಕೈ ಹಿಡಿದು ಕುಲುಕಿದಳು.

ಈಗ ಕುರ್ಚಿಗೆ ಬಂದೆ.

ಸಾಲ ಕೊಡುವ ಮೊದಲು ಬ್ಯಾಂಕಿನವರು ಮನೆ ನೋಡಲು ಒಬ್ಬರನ್ನು ಕಳಿಸುತ್ತಾರೆ. ಆ ಮನುಷ್ಯ ಬಂದು ಗೋಡೆ ತಟ್ಟಿ, ಮಾಡಿಗೆ ಟಾರ್ಚು ಬಿಟ್ಟು, ಮುಂಗೋಣೆಗೆ ಬಂದು ನಿಂತುಬಿಟ್ಟ. ಅಲ್ಲಿ ಗೋಡೆಯುದ್ದಕ್ಕೂ ಕನ್ನಡಿ, ನಡುವೆ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಕಟಿಂಗ್ ಕುರ್ಚಿ. ತಿರುಗುವಂಥದ್ದು, ಕಾಲಿಡಲು ಹಿತ್ತಾಳೆಯ ಪಟ್ಟಿ, ಕೈಯಿಡುವ ಕಡೆ ಚರ್ಮ ಸವೆದು ಹೊಳೆಯುತ್ತದೆ. ಇದು ಮನೆಯಲ್ಲ, ಅಂಗಡಿ. ಅಂಗಡಿಗೆ ಗೃಹಸಾಲ ಇಲ್ಲ ಎಂದ. ಕುರ್ಚಿ ಇಲ್ಲದಿದ್ದರೆ, ಎಂದು ದಲ್ಲಾಳಿ ಕೇಳಿದಳು. ಕುರ್ಚಿ ಇಲ್ಲದಿದ್ದರೆ ಮನೆ ಎಂದ.

ಕೇಳಲು ಸುಲಭ. ಆದರೆ ಅಜ್ಜ ಮನೆ ಬಿಡುವ ದಿನದವರೆಗೂ ಅಂಗಡಿ ತೆರೆದಿಡುತ್ತೇನೆ ಎಂದು ಗಿರಾಕಿಗಳಿಗೆ ಮಾತು ಕೊಟ್ಟಿದ್ದ. ಅದರ ಮೇಲೆ, ಒಬ್ಬ ಗುತ್ತಿಗೆದಾರ ಪೂರ್ತಿ ಹಣ ಒಮ್ಮೆಗೇ ಕೊಡುತ್ತೇನೆ ಎಂದು ಎರಡು ಸಲ ಬಂದು ಹೋಗಿದ್ದ. ಅವನಿಗೆ ಕುರ್ಚಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಮನೆ ಕೆಡವಿ ಮೂರಂತಸ್ತು ಎಬ್ಬಿಸುವವನು. ಯೋಚನೆ ಮಾಡಿ ಹೇಳುತ್ತೇನೆ ಎಂದ ಅಜ್ಜ, ಆಮೇಲೆ ಬಸ್ಸು ಬಂದಾಗ ಬಾಗಿಲಿಗೂ ಬರಲಿಲ್ಲ. ಚಹಾವೂ ಬರಲಿಲ್ಲ. ಎರಡು ದಿನ ಚಿನಕುರಳಿ ಸಪ್ಪೆ ಮುಖ ಹೊತ್ತು ಮನೆಗೆ ಬಂದಳು. ಅನ್ನ ಕಲಸಿ ಕಲಸಿ ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದಳು.

ಮೂರನೆಯ ದಿನ ಅವಳು ಬಸ್ಸು ನಿಲ್ಲಿಸಿ ಇಳಿದು, ನೇರವಾಗಿ ಒಳಗೆ ಹೋಗಿ, ಆ ಕುರ್ಚಿಯಲ್ಲಿ ಕೂತಳಂತೆ. "ಅಜ್ಜಾ, ಮನೆ ಯಾರಿಗೆ ಬೇಕಾದ್ರೂ ಕೊಡು. ಈ ಕುರ್ಚಿಯಲ್ಲಿ ಒಂದ್ಸಲ ನನಗೂ ಕಟಿಂಗ್ ಮಾಡು" ಎಂದಳಂತೆ. ಅಜ್ಜ ಜನ್ಮದಲ್ಲಿ ಹೆಂಗಸರ ಕೂದಲಿಗೆ ಕತ್ತರಿ ಹಾಕಿದವನಲ್ಲ. ಆದರೂ ಬಾಚಣಿಗೆ ತೆಗೆದನಂತೆ. ಒಂದು ಕಡೆ ಗಿಡ್ಡವಾಯಿತು, ಅದನ್ನು ಸರಿಮಾಡಲು ಇನ್ನೊಂದು ಕಡೆ ಗಿಡ್ಡವಾಯಿತು. ಹೌದು ಅತ್ತೆ, ಜಡೆ ಹೋಯಿತು. ಚೀರಬೇಡಿ. ಚೆನ್ನಾಗಿಯೇ ಕಾಣುತ್ತಾಳೆ, ಚಿಕ್ಕವಳಿದ್ದಾಗ ಹೇನು ಬಂದಿತ್ತೆಂದು ನೀವು ಕತ್ತರಿಸಿದ್ದಿರಲ್ಲ, ಆ ಫೋಟೋದ ಹಾಗೆ. ಕತ್ತರಿಸಿ ಮುಗಿದ ಮೇಲೆ ಕನ್ನಡಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರಂತೆ. ಆಗ ಅಜ್ಜ ಹೇಳಿದ್ದು: "ಅವನಿಗೆ ಕೊಟ್ರೆ ಮನೆನೇ ಹೋಗುತ್ತೆ. ನಿಮಗೆ ಕೊಟ್ರೆ ಕುರ್ಚಿ ಮಾತ್ರ ಹೋಗುತ್ತೆ. ಸ್ಪ್ಯಾನರ್ ಎಲ್ಲಿಟ್ಟಿದ್ದೀನೋ ಹುಡುಕಬೇಕು." ಆ ದಿನ ಬಸ್ಸು ತಡವಾಗಿ ಹೊರಟಿತು. ಯಾರೂ ದೂರು ಕೊಡಲಿಲ್ಲ. ಎಲ್ಲರೂ ಡ್ರೈವರಮ್ಮನ ಹೊಸ ತಲೆ ನೋಡುವುದರಲ್ಲೇ ಇದ್ದರಂತೆ. ಕುರ್ಚಿ ಈಗ ಅಜ್ಜನ ಮಗಳ ಮನೆಯ ವರಾಂಡದಲ್ಲಿದೆ, ಹಳೆಯ ಗಿರಾಕಿಗಳು ಅಲ್ಲಿಗೇ ಹೋಗುತ್ತಾರೆ.

ಇನ್ನು ನಾನು ಬರೆಯಲು ಹಿಂಜರಿಯುತ್ತಿರುವ ಭಾಗ. ದೊಡ್ಡತ್ತೆಗೆ ಇದನ್ನು ನಿಧಾನವಾಗಿ ಓದಿ.

ಎಲ್ಲ ಮುಗಿಯಿತು ಎನ್ನುವಾಗ ಇನ್ನೊಂದು ಕಾಗದ ಬೇಕಾಯಿತು. ಈ ಮನೆಯಲ್ಲಿ ತಮ್ಮ ಹಕ್ಕು ಏನೂ ಇಲ್ಲ ಎಂದು ನಿಮ್ಮ ಮಗ ಬರೆದು ಸಹಿ ಹಾಕಬೇಕು, ಅದರ ಕೆಳಗೆ ಚಿನಕುರಳಿಯೂ ಹಾಕಬೇಕು, ಇಬ್ಬರೂ ಎದುರೆದುರು. ಇದನ್ನು ಹೇಳಿದಾಗ ಅವಳು ಕುಣಿದಾಡಿಬಿಟ್ಟಳು. ಅವನ ಮುಖ ನೋಡಲ್ಲ, ಅವನಿರುವ ಊರಿಗೆ ಕಾಲಿಡಲ್ಲ, ಮನೆ ಹೋದರೆ ಹೋಗಲಿ ಎಂದಳು. ಬೆಳಗಾಗುವಷ್ಟರಲ್ಲಿ "ಮನೆ ಹೋದರೆ ಹೋಗಲಿ" ಎಂಬುದನ್ನು ಮಾತ್ರ ವಾಪಸ್ಸು ತೆಗೆದುಕೊಂಡಳು. ನಾನೇ ಅವರಿಗೆ ಫೋನ್ ಮಾಡಿದೆ. ಫೋನಿನಲ್ಲಿ ಬಹುವಚನವೇ ಬಂತು, ಅಭ್ಯಾಸ. "ಬಿಟ್ಟು ಹೋದವನಿಗೆ ಏನು ಮರ್ಯಾದೆ, ಇಷ್ಟು ದಿನ ಕೊಟ್ಟಿದ್ದನ್ನೂ ಕಂತಿನ ಮೇಲೆ ವಾಪಸ್ ಕೇಳು" ಎಂದು ಪಕ್ಕದಲ್ಲಿ ಇವಳ ಗೊಣಗು. ಅವರು ಆಗಲಿ ಎಂದರು. ಅವಳು ಎಲ್ಲಿಗೆ ಬರುತ್ತಾಳೆ ಎಂದು ಕೇಳಿದರು. ಅವಳು ಎಲ್ಲಿಗೂ ಬರಲ್ಲ, ಬಸ್ ಓಡಿಸ್ತಿರ್ತಾಳೆ, ನೀವೇ ಹತ್ತಬೇಕು ಎಂದೆ.

ಅವರು ಬರುವ ದಿನ ನಾನು ಲ್ಯಾಬಿಗೆ ರಜೆ ಹಾಕಿ, ಪರದೆಗೆ ಅಳತೆ ತೆಗೆಯುವ ನೆಪದಲ್ಲಿ ಅಜ್ಜನ ಮುಂಗೋಣೆಯಲ್ಲಿದ್ದೆ. ಬಸ್ಸಿನಲ್ಲಿ ನಡೆದದ್ದನ್ನು ಆಮೇಲೆ ಇವಳು ಅಭಿನಯ ಮಾಡಿ ತೋರಿಸಿದಳು.

ರೈಲ್ವೆ ಸ್ಟೇಷನ್ನಿನ ಹತ್ತಿರ ಅವರು ಹತ್ತಿದರು. ಇವಳು ಕಣ್ಣೆತ್ತಿ ನೋಡದೆ ಗೇರು ಹಾಕಿದಳಂತೆ. ಅವರು ಅವಳ ಹಿಂದಿನ ಸೀಟಿನಲ್ಲೇ ಕೂತರು. ಡ್ರೈವರ್ ಜೊತೆ ಮಾತನಾಡಬಾರದು ಎಂದು ತಲೆಯ ಮೇಲೆ ಬರೆದಿದೆ. ಊರೆಲ್ಲ ಸುತ್ತಿ, ಸೇತುವೆ ದಾಟಿ, ಆಸ್ಪತ್ರೆ, ಸ್ಕೂಲು, ಮಾರ್ಕೆಟ್ಟು ದಾಟಿ, ಇಳಿಜಾರು ಇಳಿಯುವವರೆಗೂ ಅವರು ಆ ಬೋರ್ಡಿಗೆ ಗೌರವ ಕೊಟ್ಟು ಸುಮ್ಮನೆ ಕೂತಿದ್ದರು. ಇವಳು ಕನ್ನಡಿಯಲ್ಲಿ ನೋಡುತ್ತಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ ಅತ್ತಿಗೆ, ಅಪ್ಪನಿಗೆ ಆಗಿದ್ದ ಕಡೆಯೇ ಆಗಿದೆ ಎಂದಳು.

ಕೊನೆಯ ಸ್ಟಾಪು ಬಂತು. ಕಿಟಕಿಯಿಂದ ನಾನು ನೋಡುತ್ತಿದ್ದೆ. ಎಲ್ಲರೂ ಇಳಿದರು, ಬಾಗಿಲು ಮುಚ್ಚಿತು, ಒಳಗೆ ಎರಡು ತಲೆ ಮಾತ್ರ. ಇವಳು ಹಿಂದೆ ತಿರುಗದೆ, "ಗಾಡಿ ನಿಂತಿದೆ. ಈಗ ಮಾತಾಡಬಹುದು" ಎಂದಳಂತೆ. ಅವರು, "ನಾನು ಮಾಡಿದ್ದು ಸರಿ ಅಂತ ಹೇಳೋಕೆ ಬಂದಿಲ್ಲ ಕಣೇ" ಎಂದರು. ಕಿಟಕಿಯಿಂದ ಬಂದ ದಾರಿಯ ಕಡೆ ನೋಡಿದರು. ಆಮೇಲೆ, "ಆ ತಿರುವಿನಲ್ಲಿ ಎಷ್ಟು ನಯವಾಗಿ ತಿರುಗಿಸ್ತೀಯ. ನಾನು ಸೈಕಲ್ ಕಲಿಸುವಾಗ ನೀನು ನೇರ ಹೋಗಿ ಗೋಡೆಗೇ ಗುದ್ದುತ್ತಿದ್ದೆ" ಎಂದರು. ಅವಳ ಹತ್ತಿರ ಆರು ವರ್ಷ ಕೂಡಿಟ್ಟ ಬೈಗುಳವಿತ್ತು, ಅತ್ತೆ. ನನಗೆ ಗೊತ್ತು, ಎಷ್ಟೋ ಸಲ ನನ್ನ ಮುಂದೆ ಒಪ್ಪಿಸಿದ್ದಳು. ಅದರಲ್ಲಿ ಒಂದೂ ನೆನಪಿಗೆ ಬರಲಿಲ್ಲವಂತೆ. ಬಾಯಿಗೆ ಬಂದದ್ದು, "ಟಿಕೆಟ್ ತಗೊಂಡಿದ್ದೀಯೋ ಇಲ್ವೋ?" ಅವರು ಜೇಬು ತಡಕಾಡಿ ಟಿಕೆಟ್ಟು ತೆಗೆದು ತೋರಿಸಿದರು. ಅಷ್ಟಕ್ಕೇ ಇವಳು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅಳಲು ಶುರುಮಾಡಿದಳು. ತಲೆ ಬಿದ್ದದ್ದು ಹಾರ್ನಿನ ಮೇಲೆ.

ಇಡೀ ರಸ್ತೆಗೆ ಕೇಳುವ ಹಾಗೆ ಬಸ್ಸು ಕೂಗಿಕೊಂಡಿತು. ಕುರ್ಚಿ ಬಿಚ್ಚುತ್ತಿದ್ದ ಅಜ್ಜ ಸ್ಪ್ಯಾನರ್ ಹಿಡಿದುಕೊಂಡೇ ಓಡಿದ, ನಾನು ಅಳತೆಪಟ್ಟಿ ಹಿಡಿದುಕೊಂಡೇ ಓಡಿದೆ. ನಾವು ಹೋಗಿ ನೋಡಿದರೆ ಅಣ್ಣ ತಂಗಿಯ ತಲೆಯನ್ನು ಹಾರ್ನಿನಿಂದ ಎತ್ತಲು ನೋಡುತ್ತಿದ್ದಾರೆ, ಅವಳು ಎತ್ತಗೊಡುತ್ತಿಲ್ಲ.

ಸಹಿ ಆಯಿತು. ಹೊರಡುವ ಹೊತ್ತಾಗಿ ಬಸ್ಸು ಹೊರಟಾಗ ಅವರು ಇಳಿಯಲಿಲ್ಲ. ಅವಳ ಕೆಲಸ ಮುಗಿಯುವವರೆಗೂ ಅದೇ ಸೀಟಿನಲ್ಲಿ ಕೂತು ಹೋಗಿ ಬಂದು ಮಾಡಿದರು. ಪ್ರತಿ ಟ್ರಿಪ್ಪಿಗೂ ಟಿಕೆಟ್ಟು ತೆಗೆದುಕೊಂಡರಂತೆ, ಅದರಲ್ಲಿ ಅವಳು ರಿಯಾಯಿತಿ ಕೊಡಲಿಲ್ಲ.

ನಡುವೆ ಒಮ್ಮೆ ಬಸ್ಸು ನಿಂತಾಗ ಅವರು ಇಳಿದು ನನ್ನ ಹತ್ತಿರ ಬಂದರು. "ಚೆನ್ನಾಗಿದ್ದೀಯಾ?" ಎಂದು ಕೇಳಿದರು. "ಚೆನ್ನಾಗಿದ್ದೀನಿ" ಎಂದೆ. ಅಂದ ಮೇಲೆ ಗೊತ್ತಾಯಿತು, ಅದು ಬಾಯಿಮಾತಿಗೆ ಅಂದದ್ದಲ್ಲ.

ಸಾಲ ಮಂಜೂರಾದ ದಿನ ದಲ್ಲಾಳಿ ಫೋನಿನಲ್ಲಿ ಕಿರುಚಿದಳು. ನಾನು ಆಗ ಯಾರದೋ ಕೆಳಗಿನ ಸೆಟ್ಟಿಗೆ ಬಾಚಿಹಲ್ಲು ಕೂರಿಸುತ್ತಿದ್ದೆ. ಕೈ ಕದಲಿ ವಕ್ರವಾಯಿತು, ಬೊಕ್ಕತಲೆಯವನು ಬಂದು ನೋಡಿ "ಇದು ನಗುತ್ತಿರುವ ಸೆಟ್ಟು" ಎಂದ. ಸಂಜೆ ನಾವಿಬ್ಬರೂ ಬೀಗದ ಕೈ ತೆಗೆದುಕೊಂಡು ಹೋಗಿ, ಖಾಲಿ ಮುಂಗೋಣೆಯ ನೆಲದ ಮೇಲೆ, ಆ ಗೋಡೆಯುದ್ದದ ಕನ್ನಡಿಯ ಮುಂದೆ ಕೂತು ಬುತ್ತಿ ಬಿಚ್ಚಿದೆವು. ಕನ್ನಡಿಯಲ್ಲಿ ಇನ್ನಿಬ್ಬರು ಕೂತು ಉಣ್ಣುತ್ತಿದ್ದರು. "ನೋಡು ಅತ್ತಿಗೆ, ಮೊದಲ ದಿನವೇ ನೆಂಟರು" ಎಂದಳು.

ಸಾಮಾನು ಸಾಗಿಸಿದ ದಿನ ನಿಜವಾದ ನೆಂಟರೂ ಬಂದರು. ನಿಮ್ಮ ಮಗ ಏಣಿ ಹೊತ್ತು ಬಂದಿದ್ದರು, ಹಿಂದೆ ಅವರ ಪುಟ್ಟ ಮಗಳು. ಅವಳ ತಾಯಿ, ಅವರ ಈಗಿನ ಹೆಂಡತಿ, ಬಂದಿರಲಿಲ್ಲ. ಬರಲಿ, ಅದಕ್ಕೂ ದಿನ ಬರುತ್ತದೆ. ಮಗು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವರಿಗೆ ನಾನು ಏನಂತ ಕರೀಬೇಕು?" ಎಂದು ಅಪ್ಪನನ್ನು ಕೇಳಿತು. ಅವರು ಕೆಂಪಾದರು. ನಾನು ಕೈಯಲ್ಲಿದ್ದ ಡಬ್ಬ ಕೆಳಗಿಟ್ಟೆ. ಏಣಿಯ ಮೇಲಿಂದ ಚಿನಕುರಳಿ, "ದೊಡ್ಡಮ್ಮ ಅನ್ನು. ಇನ್ನೇನು!" ಎಂದಳು. ಈ ಊರಿನ ಭಾಷೆಯಲ್ಲಿ ಅದಕ್ಕೆ ಪದವಿಲ್ಲ, ನಮ್ಮಲ್ಲಿ ಇದೆ. ಮಗು ಕೂಡಲೇ ಒಪ್ಪಿತು. ಮಧ್ಯಾಹ್ನದೊಳಗೆ ದೊಡ್ಡಮ್ಮ ನೀರು, ದೊಡ್ಡಮ್ಮ ಹಸಿವು, ದೊಡ್ಡಮ್ಮ ಇದ್ಯಾಕೆ ಇಷ್ಟು ದೊಡ್ಡ ಕನ್ನಡಿ. ಸುಳ್ಳು ಹೇಳುವುದಿಲ್ಲ, ಮೊದಲ ಸಲ ಕರೆದಾಗ ಎದೆಯಲ್ಲಿ ಏನೋ ಚುಚ್ಚಿತು. ಆಮೇಲೆ ಅವಳು ನಕ್ಕಳು. ಅತ್ತೆ, ಮುಂದಿನ ಎರಡು ಹಲ್ಲಿನ ನಡುವೆ ಸಂದು! ನಿಮ್ಮ ಹಳೆಯ ಫೋಟೋಗಳಲ್ಲಿ ಇರುವ ಅದೇ ಸಂದು, ಅಷ್ಟೇ ಅಗಲ. ಹಲ್ಲಿನ ವಿಷಯದಲ್ಲಿ ನನ್ನ ಮಾತು ನಂಬಿ. ಫೋಟೋ ಕಳಿಸುತ್ತಿಲ್ಲ. ನೋಡಬೇಕಾದರೆ ಬನ್ನಿ. ಕೆಳಗಿನ ಕೋಣೆ ನಿಮ್ಮದು, ಮೆಟ್ಟಿಲು ಹತ್ತುವುದೇ ಬೇಡ.

ಒಂದು ಮಾತು ಕೇಳುತ್ತೇನೆ. ಆರು ವರ್ಷದ ಹಿಂದೆ ನೀವು ಮಗನಿಗೆ, "ನನ್ನ ಸೊಸೆಯನ್ನ ಅಳಿಸಿದೋನು ನನಗೆ ಫೋನ್ ಮಾಡ್ಬೇಡ" ಎಂದಿರಿ. ಆಗ ನನಗೆ ಅದು ಊರುಗೋಲಾಯಿತು. ನೀವು ಹಾಗೆ ಹೇಳದಿದ್ದರೆ ನಾನು ಏಳುತ್ತಿರಲಿಲ್ಲವೇನೋ. ಈಗ ನಾನು ಅಳುತ್ತಿಲ್ಲ. ನನ್ನ ಸಲುವಾಗಿ ಬಿಟ್ಟ ಮಾತನ್ನು ನನ್ನ ಸಲುವಾಗಿಯೇ ಮತ್ತೆ ಶುರುಮಾಡಿ. ನಿಮ್ಮ ಫೋನಿನಲ್ಲಿ ಅವರ ನಂಬರು ಬರದ ಹಾಗೆ ಮಾಡಿಸಿದ್ದೀರಂತೆ, ಆದ್ದರಿಂದ ದೊಡ್ಡತ್ತೆಯ ಫೋನಿಗೆ ಮಾಡುತ್ತಾರೆ. ಬೈಯಬೇಕಾದರೆ ಬೈಯಿರಿ, ಆದರೆ ಎತ್ತಿ.

ದೊಡ್ಡತ್ತೆಗೆ ನಮಸ್ಕಾರ. ಕುರ್ಚಿಯ ವಿಷಯ ಈಗ ಅವರಿಗೆ ಸ್ಪಷ್ಟವಾಗಿರಬೇಕು.

ಕೋರ್ಟು ಏನೇ ಹೇಳಲಿ, ಬ್ಯಾಂಕು ಏನೇ ಹೇಳಲಿ,
ನಿಮ್ಮ ಸೊಸೆ

ತಾ.ಕ.: ಈ ಪತ್ರವನ್ನು ಚಿನಕುರಳಿ ಪೂರ್ತಿ ಓದಿ, ಜಡೆಯ ವಿಷಯ ಬರೆದದ್ದಕ್ಕೆ ನನ್ನನ್ನು ಗುದ್ದಿ, ಈಗ ಡ್ಯೂಟಿಗೆ ಹೋದಳು. ಲಕೋಟೆ ಅಂಟಿಸುವ ಮೊದಲು ಇದೊಂದನ್ನು ಸೇರಿಸುತ್ತಿದ್ದೇನೆ, ನಿಮಗೆ ಮಾತ್ರ. ನಿಮ್ಮ ಮಗನ ಸಹಿಯನ್ನು ಬ್ಯಾಂಕಿನವರು ಕೇಳಲೇ ಇಲ್ಲ. ಕೋರ್ಟಿನ ತೀರ್ಪು ಇದೆಯಲ್ಲ, ಬೇರೇನೂ ಬೇಡ ಎಂದು ದಲ್ಲಾಳಿ ಮೊದಲ ದಿನವೇ ಹೇಳಿದ್ದಳು. ಆ ಕಾಗದವನ್ನು ನಾನೇ ಲ್ಯಾಬಿನ ಕಂಪ್ಯೂಟರಿನಲ್ಲಿ ಟೈಪು ಮಾಡಿದೆ. "ಇಬ್ಬರೂ ಎದುರೆದುರು" ಎಂಬ ಸಾಲೂ ನನ್ನದೇ. ನನ್ನಿಂದಾಗಿ ಮೂವರು ಮಾತು ಬಿಟ್ಟು ಕೂತಿದ್ದಿರಿ. ಹೊಸ ಮನೆಗೆ ಅದನ್ನೂ ಹೊತ್ತುಕೊಂಡು ಹೋಗಲು ನನಗೆ ಮನಸ್ಸಾಗಲಿಲ್ಲ. ಓದಿದ ಕೂಡಲೇ ಈ ಹಾಳೆಯನ್ನು ಹರಿದುಹಾಕಿ. ದೊಡ್ಡತ್ತೆಗೆ ಗೊತ್ತಾದರೆ ಸಂಜೆಯೊಳಗೆ ಚಿನಕುರಳಿಗೆ ಗೊತ್ತಾಗುತ್ತದೆ, ಆಮೇಲೆ ಈ ಸಲ ಕಿಟಕಿಯಿಂದ ಬೀಳುವುದು ನನ್ನ ಚಪ್ಪಲಿ.